ವಿಡಿಯೋ ಆಟಗಳ ಸಂಗೀತ: ಆಸ್ವಾದದ ಒಂದು ವಿಚಾರ

ಸಂಗೀತವನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಒಂದು ಸಂಗತಿಯನ್ನು ವಿಚಾರಿಸದೆಯೇ ಒಪ್ಪಿಕೊಂಡಿರುತ್ತಾರೆ. ಪ್ರತಿಯೊಂದು ರಚನೆಗೂ ಆದಿಯುಂಟು, ಅಂತ್ಯವುಂಟು. ಅವೆರಡರ ನಡುವಣ ಕಾಲವನ್ನು ಗೊತ್ತುಪಡಿಸುವವನು ರಚಿಸಿದವನು, ಇಲ್ಲವೆ ಹಾಡುವವನು. ಕೇಳುವವನು ಅದಕ್ಕೆ ಒಳಪಟ್ಟು ಕುಳಿತಿರುವವನು ಎಂಬುದೇ ಆ ಸಂಗತಿ. ಕಛೇರಿಗೆ ಇದು ಸಲ್ಲುತ್ತದೆ. ರಂಗಗೀತೆಗೂ ಚಲನಚಿತ್ರದ ಹಿನ್ನೆಲೆ ಸಂಗೀತಕ್ಕೂ ಬಹುಮಟ್ಟಿಗೆ ಸಲ್ಲುತ್ತದೆ. ಕಳೆದ ನಾಲ್ಕೂವರೆ ದಶಕಗಳಲ್ಲಿ ಈ ನಿಯಮಕ್ಕೆ ಒಳಪಡದ ಸಂಗೀತವೊಂದು ಬೆಳೆದುಬಂದಿದೆ. ಅದೇ ವಿಡಿಯೋ ಆಟಗಳ ಸಂಗೀತ. ಮನೆಯ ಹಿರಿಯರ ಪಾಲಿಗೆ ಅದು ಮಕ್ಕಳ ಕೋಣೆಯ ಬಾಗಿಲ ಸಂದಿಯಿಂದ ಹೊರಬರುವ ಗದ್ದಲ. ವಿದ್ವಾಂಸರ ಪಾಲಿಗೆ, ಲೇಖನಿ ಎತ್ತಿಕೊಳ್ಳಲು ತಕ್ಕುದಲ್ಲದ ವಸ್ತು. ಈ ಅನಾದರಕ್ಕೆ ಕಾರಣವಿಲ್ಲದೆ ಇಲ್ಲ. ಆ ಗದ್ದಲದ ಬಹುಭಾಗ ನಿಜವಾಗಿಯೂ ಗದ್ದಲವೇ. ಆದರೆ ಅದರೊಳಗಿನ ಉತ್ತಮಾಂಶವನ್ನು ಕಿವಿಗೊಟ್ಟು ಕೇಳಿದವನಿಗೆ, ಈ ಸಂಗೀತ ಎತ್ತುವ ಪ್ರಶ್ನೆ ರಸಶಾಸ್ತ್ರದ ಬುಡಕ್ಕೇ ಇಳಿಯುವಂಥದು ಎಂಬುದು ತಿಳಿದುಬರುತ್ತದೆ. ಆಡುವವನು ಕೇಳುಗನೇ, ಪಾತ್ರಧಾರಿಯೇ? ತನ್ನದೇ ಗೆಲವು ಸೋಲುಗಳಲ್ಲಿ ತೊಡಗಿರುವವನಿಗೆ ಸಂಗೀತದ ಆಸ್ವಾದ ಸಾಧ್ಯವೇ? ಪ್ರಕೃತ ಲೇಖನದ ವಿಚಾರ ಇಷ್ಟು.

ಕಥೆ ಆರಂಭವಾಗುವುದು ಕೇವಲ ನಾಲ್ಕು ಸ್ವರಗಳಿಂದ. ೧೯೭೮ರಲ್ಲಿ ಜಪಾನಿನ ಟೈಟೊ ಸಂಸ್ಥೆ ಹೊರತಂದ ‘ಸ್ಪೇಸ್ ಇನ್‌ವೇಡರ್ಸ್’ ಎಂಬ ಆಟದಲ್ಲಿ, ಹನ್ನೊಂದು ಹನ್ನೊಂದರಂತೆ ಐದು ಸಾಲುಗಳಲ್ಲಿ ಐವತ್ತೈದು ಶತ್ರುಗಳು ಆಕಾಶದಿಂದ ಮೆಲ್ಲಗೆ ಇಳಿದುಬರುತ್ತವೆ. ಅವುಗಳ ಹೆಜ್ಜೆಗೆ ಸರಿಯಾಗಿ ಮಂದ್ರದಲ್ಲಿ ನಾಲ್ಕು ಸ್ವರಗಳು ಒಂದರ ಹಿಂದೊಂದು ಕೆಳಗಿಳಿಯುತ್ತ ಮರಳಿ ಮರಳಿ ನುಡಿಯುತ್ತವೆ. ಶತ್ರುಗಳು ಉರುಳಿದಷ್ಟೂ ಉಳಿದವುಗಳ ನಡೆ ಚುರುಕಾಗುತ್ತದೆ. ಸ್ವರಗಳ ಲಯವೂ ಅದರೊಡನೆ ಏರುತ್ತದೆ. ಇದನ್ನು ನಿರ್ಮಿಸಿದ ತೊಮೊಹಿರೊ ನಿಶಿಕಾಡೊ ಈ ವೇಗವರ್ಧನೆಯನ್ನು ಮೊದಲೇ ಯೋಚಿಸಿ ಇಟ್ಟುದಲ್ಲ. ತೆರೆಯ ಮೇಲೆ ಬರೆಯಬೇಕಾದ ಆಕೃತಿಗಳು ಕಡಮೆಯಾದಂತೆ ಯಂತ್ರದ ಹೊರೆ ಇಳಿದು, ಉಳಿದವು ತಾವಾಗಿಯೇ ವೇಗವಾಗಿ ಚಲಿಸತೊಡಗಿದುವು; ಆ ಆಕಸ್ಮಿಕವನ್ನು ಆತ ಹಾಗೆಯೇ ಉಳಿಸಿಕೊಂಡರು. ಇದನ್ನು ಸಂಗೀತವೆನ್ನಬಹುದೇ ಎಂದು ಸಂಶಯಪಡುವವರು ಸಂಶಯಪಡಲಿ. ಆದರೆ ವಿಲಂಬದಿಂದ ದ್ರುತಕ್ಕೆ ಏರುವ ಆ ಏರಿಕೆಯನ್ನು ನಿಶ್ಚಯಿಸುವವನು ಆಡುವವನೇ ಎಂಬುದು ಗಮನಾರ್ಹ. ಅವನು ಕೌಶಲದಿಂದ ಆಡಿದರೆ ದ್ರುತಲಯ ಬೇಗನೆ ಬರುತ್ತದೆ, ತಡಮಾಡಿದರೆ ತಡವಾಗಿ ಬರುತ್ತದೆ. ಮುಂದೆ ಈ ಕಲೆ ಏನೇನನ್ನು ಸಾಧಿಸಿತೋ ಅದೆಲ್ಲದರ ಬೀಜ ಆ ನಾಲ್ಕು ಸ್ವರಗಳಲ್ಲಿಯೇ ಅಡಗಿದೆ.

ಬೀಜ ಗಿಡವಾದುದು ಕೋಜಿ ಕೊಂಡೊ ಅವರ ಕೈಯಲ್ಲಿ. ೧೯೬೧ರಲ್ಲಿ ಹುಟ್ಟಿದ ಕೊಂಡೊ ೧೯೮೪ರಲ್ಲಿ ನಿಂಟೆಂಡೊ ಸಂಸ್ಥೆಯನ್ನು ಸೇರಿದರು. ಮರುವರ್ಷವೇ ‘ಸೂಪರ್ ಮಾರಿಯೋ ಬ್ರದರ್ಸ್’ ಆಟಕ್ಕೆ ಸಂಗೀತ ಒದಗಿಸಿದರು. ಅವರಿಗೆ ದೊರೆತ ಸಾಧನಸಂಪತ್ತು ಎಷ್ಟೆಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ. ‘ಫ್ಯಾಮಿಕಾಂ’ ಎಂಬ ಆ ಯಂತ್ರ ಏಕಕಾಲದಲ್ಲಿ ಹೊರಡಿಸಬಲ್ಲುದು ಐದು ಧ್ವನಿಗಳನ್ನು ಮಾತ್ರ. ಅವುಗಳಲ್ಲಿ ಎರಡು ಒಂದೇ ಜಾತಿಯ ಹರಿತವಾದ ನಾದ. ಮೂರನೆಯದು ತಗ್ಗುಸ್ಥಾಯಿಗೆ ಒದಗುವ ದುಂಡನೆಯ ನಾದ, ಅದರ ಏರುದನಿ ಇಳಿದನಿಗಳು ಸಂಗೀತಗಾರನ ವಶದಲ್ಲಿಲ್ಲ. ನಾಲ್ಕನೆಯದು ತಾಳವಾದ್ಯದ ಕೆಲಸಕ್ಕೆ ಬರುವ ಬರಿಯ ಸರಸರ ಸದ್ದು. ಐದನೆಯದು ಮೊದಲೇ ಮುದ್ರಿಸಿಟ್ಟ ಚಿಕ್ಕ ಶಬ್ದಗಳಿಗೆ ಮೀಸಲು. ಚಿತ್ರ, ಚಲನೆ, ಸಂಗೀತ ಎಲ್ಲವೂ ಸೇರಿ ಇಡಿಯ ಆಟ ಅಡಗಿದ್ದುದು ನಲವತ್ತು ಕಿಲೋಬೈಟ್‌ಗಳಲ್ಲಿ. ಸಾಲದುದಕ್ಕೆ, ಮಾರಿಯೋ ನೆಗೆದಾಗ ಆ ನೆಗೆತದ ಸದ್ದಿಗಾಗಿ ಸಂಗೀತದ ಒಂದು ಧ್ವನಿ ತನ್ನ ಸ್ಥಾನವನ್ನು ಬಿಟ್ಟುಕೊಡಬೇಕು. ಎಂದರೆ ಆಡುವವನು ಗುಂಡಿಯನ್ನು ಒತ್ತಿದಾಗಲೆಲ್ಲ ಮೇಳದ ಒಬ್ಬ ವಾದಕ ತನ್ನ ವಾದ್ಯವನ್ನು ಕೆಳಗಿಟ್ಟು ಅವನ ಸೇವೆಗೆ ಎದ್ದುನಿಂತಂತೆ ಆಯಿತು.

ಇಂಥ ಬಡತನದಲ್ಲಿ ಕೊಂಡೊ ಕಂಡುಕೊಂಡ ಮಾರ್ಗ ಔಚಿತ್ಯದ ಮಾರ್ಗ. ಔಚಿತ್ಯವೇ ಕಾವ್ಯದ ಜೀವವೆಂದ ಹನ್ನೊಂದನೆಯ ಶತಮಾನದ ಕ್ಷೇಮೇಂದ್ರನಿಗೆ ಈ ಉದಾಹರಣೆ ಒಪ್ಪಿಗೆಯಾಗುತ್ತಿದ್ದಿತು. ಮೊದಲು ಕಟ್ಟಿದ ಮಟ್ಟು ಮಾರಿಯೋವಿನ ಓಟಕ್ಕೂ ನೆಗೆತಕ್ಕೂ ಹೊಂದದೆಂದು ಕಂಡಾಗ ಅವರು ಅದನ್ನು ಕೈಬಿಟ್ಟರು. ಬಯಲಿನಲ್ಲಿ ಓಡುವಾಗ ಕೇಳಿಬರುವುದು ಲ್ಯಾಟಿನ್ ಅಮೆರಿಕದ ಕುಣಿತಗಳನ್ನು ನೆನಪಿಗೆ ತರುವ, ಘಾತಗಳು ಹಿಂದುಮುಂದಾಗಿ ಬೀಳುವ ಲವಲವಿಕೆಯ ಮಟ್ಟು. ನೀರಿನೊಳಗೆ ಇಳಿದೊಡನೆ ಲಯ ಮೂರರ ಎಣಿಕೆಗೆ ತಿರುಗುತ್ತದೆ. ತೇಲುವ ದೇಹಕ್ಕೆ ಅದೇ ತಕ್ಕ ನಡೆ. ನೆಲದಡಿಯ ಸುರಂಗದಲ್ಲಿ ಎರಡು ಸ್ಥಾಯಿಗಳ ನಡುವೆ ಪುಟಿಯುವ ಕೆಲವೇ ಸ್ವರಗಳು; ಬಳಿಕ ಮೌನ; ಮತ್ತೆ ಅವೇ ಸ್ವರಗಳು. ಈ ಮೌನ ವಿಶೇಷವಾಗಿ ಗಮನಿಸತಕ್ಕುದು. ಕತ್ತಲೆಯನ್ನು ತುಂಬಲು ಗಂಭೀರನಾದವನ್ನು ಸುರಿಯುವುದು ಸುಲಭ, ಚಲನಚಿತ್ರಗಳಲ್ಲಿ ನಿತ್ಯವೂ ಕಾಣುವ ರೂಢಿ ಅದು. ನಡುನಡುವೆ ಏನನ್ನೂ ನುಡಿಸದೆ ಬಿಟ್ಟು, ಆಡುವವನಿಗೆ ತನ್ನ ಹೆಜ್ಜೆಯೇ ಕೇಳಿಸುವಂತೆ ಮಾಡಲು ಸಂಯಮ ಬೇಕು. ಇನ್ನು ಗಡುವಿನ ಎಣಿಕೆ ನೂರಕ್ಕೆ ಇಳಿದಾಗ ಎಚ್ಚರಿಕೆಯ ಒಂದು ತುಣುಕು ಮೊಳಗಿ, ಅದೇ ಬಯಲಿನ ಮಟ್ಟು ಅವಸರದ ಕಾಲದಲ್ಲಿ ಮುಂದುವರಿಯುತ್ತದೆ. ಹೊಸ ಸ್ವರವೊಂದೂ ಇಲ್ಲ. ಕಾಲ ಮಾತ್ರ ಬದಲಾಗಿದೆ. ಅಷ್ಟರಿಂದಲೇ ಉಲ್ಲಾಸ ಗಾಬರಿಯಾಗುತ್ತದೆ.

ಸುಮಾರು ಒಂದೂವರೆ ನಿಮಿಷದ ಈ ಮಟ್ಟು ಮುಗಿದೊಡನೆ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಒಂದು ಸಂಜೆಯ ಆಟದಲ್ಲಿ ಹುಡುಗನೊಬ್ಬ ಇದನ್ನು ನಲವತ್ತು ಐವತ್ತು ಸಲ ಕೇಳುತ್ತಾನೆ. ಪಾಶ್ಚಾತ್ಯ ಸಂಗೀತದಲ್ಲಿ ಪಳಗಿದ ವಿಮರ್ಶಕರಿಗೆ ಈ ಸಂಗೀತ ಕೀಳೆಂದು ತೋರಲು ಮುಖ್ಯ ಕಾರಣ ಈ ಪುನರಾವೃತ್ತಿಯೇ. ಆದರೆ ಹಿಂದುಸ್ತಾನಿ ಸಂಗೀತದ ಬೈಠಕ್ಕುಗಳಲ್ಲಿ ಕುಳಿತ ಮುಂಬಯಿ ಪುಣೆಗಳ ಕನ್ನಡಿಗನಿಗೆ ಇದು ಅಪರಿಚಿತವಾಗಬೇಕಾಗಿಲ್ಲ. ತಬಲಾ ಸೋಲೋ ನಡೆಯುವಾಗ ಹಾರ್ಮೋನಿಯಂ ಅಥವಾ ಸಾರಂಗಿಯವನು ಒಂದು ಆವರ್ತನದ ಲೆಹರಾವನ್ನು ಗಂಟೆಗಟ್ಟಲೆ ಹಿಡಿದಿರುತ್ತಾನೆ. ಅದನ್ನು ಕೇಳಲೆಂದು ಯಾರೂ ಬಂದಿರುವುದಿಲ್ಲ. ಎಲ್ಲರ ಗಮನ ತಬಲೆಯ ಮೇಲೆ. ಆದರೂ ಲೆಹರಾ ಸಪ್ಪೆಯಾದರೆ ಸೋಲೋ ಕುಸಿಯುತ್ತದೆ. ಅದು ಮಿತಿಮೀರಿ ಸೊಗಸಾದರೆ ತಬಲೆಯ ಕಡೆಗೆ ಕಿವಿ ಹೋಗುವುದಿಲ್ಲ. ಸಮದ ಬಳಿ ಅದು ಮರಳಿ ಬಂದು ಸೇರುವ ರೀತಿಯಲ್ಲಿ ಬೆಸುಗೆ ಕಾಣಬಾರದು. ನೂರನೆಯ ಆವರ್ತನದಲ್ಲೂ ಬೇಸರ ತರದೆ, ಮೊದಲನೆಯ ಆವರ್ತನದಲ್ಲೂ ಗಮನವನ್ನು ಕಸಿದುಕೊಳ್ಳದೆ ಇರುವುದೇ ಒಳ್ಳೆಯ ಲೆಹರಾದ ಲಕ್ಷಣ. ಆಟದ ಸಂಗೀತವನ್ನು ಅಳೆಯಬೇಕಾದ ಕೋಲು ಇದು. ಭಾವಗೀತೆಯ ಕೋಲೂ ಅಲ್ಲ, ಸಿಂಫನಿಯ ಕೋಲೂ ಅಲ್ಲ. ಕೋಲು ತಪ್ಪಿದ ಮೇಲೆ ಅಳತೆ ಸರಿಬರುವುದು ಹೇಗೆ?

ಯಂತ್ರದ ಶಕ್ತಿ ಬೆಳೆದಂತೆ ಈ ಆವರ್ತನದೊಳಗೆ ಮನೋಧರ್ಮದಂಥ ಒಂದು ಅಂಶವೂ ಸೇರಿಕೊಂಡಿತು. ಅಮೆರಿಕದ ಲೂಕಸ್‌ಆರ್ಟ್ಸ್ ಸಂಸ್ಥೆಯಲ್ಲಿ ಮೈಕೇಲ್ ಲ್ಯಾಂಡ್ ಮತ್ತು ಪೀಟರ್ ಮೆಕ್‌ಕಾನೆಲ್ ಎಂಬಿಬ್ಬರು ‘ಐಮ್ಯೂಸ್’ ಎಂಬ ವ್ಯವಸ್ಥೆಯನ್ನು ರೂಪಿಸಿ, ೧೯೯೧ರ ‘ಮಂಕಿ ಐಲೆಂಡ್ ೨’ ಆಟದಲ್ಲಿ ಬಳಸಿದರು. ಅಲ್ಲಿ ವುಡ್‌ಟಿಕ್ ಎಂಬ ಕಡಲ್ಗಳ್ಳರ ಊರಿದೆ. ಕಥಾನಾಯಕ ಬೀದಿಯಲ್ಲಿ ಅಡ್ಡಾಡುತ್ತಿರುವಾಗ ಒಂದು ಮಟ್ಟು ಸಾಗಿರುತ್ತದೆ. ಅವನು ಯಾವುದಾದರೊಂದು ಮನೆಯನ್ನು ಹೊಕ್ಕೊಡನೆ ಅದೇ ಮಟ್ಟು, ತುಂಡರಿಯದೆ, ಆ ಮನೆಯವರ ಸ್ವಭಾವಕ್ಕೆ ತಕ್ಕ ಬೇರೊಂದು ವೇಷವನ್ನು ತಾಳುತ್ತದೆ. ಹೊರಗೆ ಬಂದರೆ ಮತ್ತೆ ಬೀದಿಯ ವೇಷ. ಅವನು ಒಳಗೆ ಎಷ್ಟು ಹೊತ್ತು ನಿಲ್ಲುವನೋ ಯಾರೂ ಅರಿಯರು. ಆದರೂ ಸಂಗೀತ ಹದವಾದ ಜಾಗದಲ್ಲಿಯೇ ತಿರುಗುತ್ತದೆ. ಕನ್ನಡಿಗರು ಇದರ ಮಾನುಷರೂಪವನ್ನು ಬಹುಕಾಲದಿಂದ ಕಂಡಿದ್ದಾರೆ. ಯಕ್ಷಗಾನದ ಭಾಗವತ ವೇಷಧಾರಿಯ ಮೇಲೆ ಕಣ್ಣಿಟ್ಟೇ ಹಾಡುತ್ತಾನೆ. ವೇಷಧಾರಿ ಅಭಿನಯವನ್ನು ಬೆಳೆಸಿದರೆ ಸಾಲನ್ನು ಮತ್ತೆ ಮತ್ತೆ ಎತ್ತಿಕೊಳ್ಳುತ್ತಾನೆ. ಅವನು ಮುಗಿಸುವ ಸೂಚನೆ ಕೊಟ್ಟರೆ ಬಿಡ್ತಿಗೆಗೆ ದಾರಿ ಮಾಡುತ್ತಾನೆ. ಪದ್ಯ ಮೊದಲೇ ರಚಿತವಾದುದು. ಅದರ ಕಾಲಾವಧಿ ಮಾತ್ರ ಆ ರಾತ್ರಿಯದು. ಐಮ್ಯೂಸ್ ಮಾಡುವ ಕೆಲಸವೂ ಸ್ಥೂಲವಾಗಿ ಇದೇ. ವ್ಯತ್ಯಾಸ ಬಹಳವಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ: ಭಾಗವತನು ವೇಷಧಾರಿಯನ್ನು ಕುಣಿಸಬಲ್ಲ, ಕೆಣಕಬಲ್ಲ, ಯಂತ್ರ ಹಿಂಬಾಲಿಸಬಲ್ಲುದು, ಅಷ್ಟೆ.

ಕೊಂಡೊ ಅವರ ಪ್ರೌಢಕೃತಿಯಾದ ‘ದಿ ಲೆಜೆಂಡ್ ಆಫ್ ಜೆಲ್ಡಾ: ಒಕರಿನ ಆಫ್ ಟೈಂ’ ೧೯೯೮ರಲ್ಲಿ ಬಂದಿತು. ಅದರ ಕಥಾಭೂಮಿಯ ನಡುವೆ ವಿಶಾಲವಾದ ಬಯಲೊಂದಿದೆ. ಆಡುವವನು ಅದನ್ನು ಹತ್ತಾರು ಸಲ ದಾಟಬೇಕು. ಒಂದೇ ಮಟ್ಟು ಬೇಸರ ತಂದೀತೆಂದು ಕೊಂಡೊ ಅಲ್ಲಿಯ ಸಂಗೀತವನ್ನು ಚಿಕ್ಕ ಚಿಕ್ಕ ಖಂಡಗಳಾಗಿ ರಚಿಸಿದರು. ಯಾವ ಖಂಡದ ಮುಂದೆ ಯಾವುದು ಬಂದರೂ ಹೊಂದಿಕೆಯಾಗುತ್ತದೆ. ಯಂತ್ರ ಅವನ್ನು ಪ್ರತಿಸಲವೂ ಬೇರೆ ಬೇರೆ ಕ್ರಮದಲ್ಲಿ ಜೋಡಿಸುತ್ತದೆ. ಶತ್ರು ಸಮೀಪಿಸಿದರೆ ಬಿಗುಪಿನ ಖಂಡಗಳು, ಆಡುವವನು ಸುಮ್ಮನೆ ನಿಂತರೆ ಮೆಲುದನಿಯ ಖಂಡಗಳು ಬರುತ್ತವೆ. ರಾತ್ರಿಯಾದರೆ ಸಂಗೀತವೇ ಇಲ್ಲ. ಬೆಳಗಾದಾಗ ಅರುಣೋದಯದ ಒಂದು ಕಿರುಮಟ್ಟು ಕೇಳಿಬಂದು ಬಯಲಿನ ಸಂಗೀತ ಎಚ್ಚರಗೊಳ್ಳುತ್ತದೆ. ಬೆಳಗಿಗೊಂದು ರಾಗ, ಸಂಜೆಗೊಂದು ರಾಗವೆಂಬ ಸಮಯನಿಯಮಕ್ಕೆ ಒಗ್ಗಿದ ಕಿವಿಗೆ ಇಲ್ಲಿ ಒಂದು ನೆಂಟತನ ಕಾಣುತ್ತದೆ. ಸಂಗೀತದ ವೈಭವದಲ್ಲಿ ಇದನ್ನು ಮೀರಿಸುವ ಆಟಗಳು ಅನಂತರ ಎಷ್ಟೋ ಬಂದಿವೆ; ವಿವೇಕದಲ್ಲಿ ಮೀರಿಸಿದವು ಕೆಲವೇ.

ಇನ್ನು ಕಠಿನವಾದ ಪ್ರಶ್ನೆ. ರಸವು ಲೌಕಿಕ ಭಾವವಲ್ಲ ಎಂಬುದು ಭಾರತೀಯ ಕಾವ್ಯಮೀಮಾಂಸೆಯ ತಿರುಳು. ರಂಗದ ಮೇಲಿನ ಭಯವು ಯಾರದೂ ಅಲ್ಲದ ಭಯವಾಗಿ ಸಾಧಾರಣೀಕೃತವಾದಾಗಲೇ ಭಯಾನಕರಸ. ಅಭಿನವಗುಪ್ತನು ರಸಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಎಣಿಸುವಲ್ಲಿ ‘ನಿಜಸುಖಾದಿವಿವಶೀಭಾವ’ವೆಂಬುದನ್ನು ಹೇಳಿದ್ದಾನೆ. ತನ್ನ ಸ್ವಂತ ಸುಖದುಃಖಗಳಿಗೆ ವಶನಾದವನು ಬೇರೊಂದರಲ್ಲಿ ಮನಸ್ಸನ್ನು ನಿಲ್ಲಿಸಲಾರನೆಂಬುದು ಅದರ ಅಭಿಪ್ರಾಯ. ಗಡುವು ಮುಗಿಯುತ್ತಿರುವಾಗ ಗುಂಡಿಗಳನ್ನು ಒತ್ತುತ್ತಿರುವ ಹುಡುಗನ ಸ್ಥಿತಿ ಇದೇ ಅಲ್ಲವೇ? ಆ ಗಾಬರಿ ಮಾರಿಯೋವಿನದಲ್ಲ, ಅವನದೇ. ಹಾಗಿರುವಾಗ ವೇಗವಾಗಿ ನುಡಿಯುವ ಸಂಗೀತ ಅವನಿಗೆ ರಸದ ಸಾಮಗ್ರಿಯಾಗದೆ, ಬೆನ್ನಿಗೆ ಬಿದ್ದ ಚಾಟಿಯೇಟಾಗುತ್ತದೆ. ಈ ಆಕ್ಷೇಪಣೆ ಬಲವಾದುದು. ಆಟದ ಸಂಗೀತದ ಅಭಿಮಾನಿಗಳು ಇದನ್ನು ಎದುರಿಸದೆ, ‘ಆಡುವವನು ಕೃತಿಯೊಳಗೇ ಇರುತ್ತಾನೆ, ಆದುದರಿಂದ ಅವನ ಅನುಭವ ಹೆಚ್ಚು ತೀವ್ರ’ ಎಂದು ವಾದಿಸುವುದುಂಟು. ತೀವ್ರತೆಯೇ ಆಸ್ವಾದವಾಗುವುದಾದರೆ ಹಲ್ಲುನೋವನ್ನೂ ಆಸ್ವಾದವೆನ್ನಬೇಕಾದೀತು.

ಆದರೆ ಅಭಿನವಗುಪ್ತನ ಮಾತು ಅಲ್ಲಿಗೇ ಮುಗಿಯುವುದಿಲ್ಲ. ಆ ವಿಘ್ನಕ್ಕೆ ಪರಿಹಾರವನ್ನೂ ಅವನೇ ಸೂಚಿಸಿದ್ದಾನೆ. ಪ್ರೇಕ್ಷಕನು ತನ್ನ ಮನೆಯ ಚಿಂತೆಗಳನ್ನು ಹೊತ್ತುಕೊಂಡೇ ನಾಟ್ಯಶಾಲೆಗೆ ಬರುತ್ತಾನೆ. ಅವುಗಳಿಂದ ಅವನನ್ನು ಬಿಡಿಸುವುದಕ್ಕಾಗಿಯೇ ವಾದ್ಯ, ಗಾನ, ಅಲಂಕೃತವಾದ ಮಂಟಪ ಮುಂತಾದುವು ಏರ್ಪಟ್ಟಿವೆ. ಎಂದರೆ ಸಂಗೀತದ ಕೆಲಸ ಭಾವವನ್ನು ಹೆಚ್ಚಿಸುವುದು ಮಾತ್ರವಲ್ಲ, ಅದರ ಸ್ವಂತಿಕೆಯ ಗಂಟನ್ನು ಸಡಿಲಿಸುವುದೂ ಹೌದು. ಆಟದಲ್ಲಿ ಇವೆರಡೂ ನಡೆಯುತ್ತವೆ, ಆದರೆ ಬೇರೆ ಬೇರೆ ಗಳಿಗೆಗಳಲ್ಲಿ. ಹೋರಾಟದ ಗಳಿಗೆಯಲ್ಲಿ ಸಂಗೀತ ಚಾಟಿಯಾಗಿಯೇ ಇರುತ್ತದೆ. ಆಗ ಆಸ್ವಾದವಿಲ್ಲವೆಂದು ಒಪ್ಪಿಕೊಳ್ಳುವುದೇ ಪ್ರಾಮಾಣಿಕತನ. ಆದರೆ ಆಟವನ್ನು ಚೆನ್ನಾಗಿ ಬಲ್ಲವರಲ್ಲೆಲ್ಲ ಕಂಡುಬರುವ ಒಂದು ನಡವಳಿಕೆಯಿದೆ. ಶತ್ರುಗಳಿಲ್ಲದ ಒಂದು ಮೂಲೆಯನ್ನು, ಒಂದು ಹಳ್ಳಿಯನ್ನೋ ಬೆಟ್ಟದಂಚನ್ನೋ ತಲಪಿದಾಗ, ಅವರು ಕೈಯ ಸಾಧನವನ್ನು ತೊಡೆಯ ಮೇಲೆ ಇಟ್ಟುಬಿಡುತ್ತಾರೆ. ಮಾಡಬೇಕಾದ ಕೆಲಸ ಮುಂದಿದೆ, ಮಾಡುವುದಿಲ್ಲ. ಸುಮ್ಮನೆ ಕೇಳುತ್ತ ಕುಳಿತಿರುತ್ತಾರೆ. ತೆರೆಯ ಮೇಲಿನ ವೀರನೂ ಸುಮ್ಮನೆ ನಿಂತಿರುತ್ತಾನೆ. ಸಂಗೀತ ಮಾತ್ರ ಆವರ್ತನ ಆವರ್ತನವಾಗಿ ಸುತ್ತುತ್ತದೆ. ಅವರು ಏಳುವವರೆಗೂ ಮುಗಿಯುವುದಿಲ್ಲ. ಈ ಗಳಿಗೆಯಲ್ಲಿ ಆಡುವವನು ಸಹೃದಯನಾಗಿದ್ದಾನೆ. ಬೇರೆ ಎಲ್ಲ ಸಂಗೀತವೂ ಕೇಳುಗನನ್ನು ಬಿಟ್ಟು ಮುಂದೆ ಸಾಗುತ್ತದೆ. ಇದೊಂದು ಅವನಿಗಾಗಿ ಕಾಯುತ್ತದೆ. ಈ ಕಲೆಯ ಅಸಾಧಾರಣ ಗುಣ ಈ ಕಾಯುವಿಕೆಯಲ್ಲಿದೆ, ಯಾಂತ್ರಿಕ ಚಮತ್ಕಾರಗಳಲ್ಲಿಲ್ಲ.

ಈ ದೃಷ್ಟಿಯಿಂದ ನೋಡಿದರೆ, ಆಟದ ಸಂಗೀತವನ್ನು ಸಭಾಂಗಣಕ್ಕೆ ತಂದ ಪ್ರಯತ್ನಗಳ ವಿಚಾರದಲ್ಲಿ ಪೂರ್ಣವಾದ ಮೆಚ್ಚುಗೆ ಸಾಧ್ಯವಾಗುವುದಿಲ್ಲ. ೧೯೮೬ರ ‘ಡ್ರ್ಯಾಗನ್ ಕ್ವೆಸ್ಟ್’ ಆಟಕ್ಕೆ ಸಂಗೀತ ರಚಿಸಿದ ಕೊಯಿಚಿ ಸುಗಿಯಾಮ (೧೯೩೧–೨೦೨೧) ಮರುವರ್ಷವೇ ಅದನ್ನು ಟೋಕಿಯೋದಲ್ಲಿ ವಾದ್ಯವೃಂದದ ಕಛೇರಿಯಾಗಿ ಪ್ರಸ್ತುತಪಡಿಸಿದರು. ಐವತ್ತು ದಾಟಿದ ಮೇಲೆ ಈ ಕ್ಷೇತ್ರಕ್ಕೆ ಬಂದ ಅವರಿಗೆ ವಾದ್ಯವೃಂದದ ವಿದ್ಯೆ ಕರಗತವಾಗಿದ್ದಿತು. ಆಟದ ಸಂಗೀತವೂ ಸಂಗೀತವೇ ಎಂದು ಜನ ಒಪ್ಪುವಂತೆ ಮಾಡಿದ್ದು ಅವರ ಉಪಕಾರ. ೨೦೨೧ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನ ಉದ್ಘಾಟನೆಯಲ್ಲಿ ರಾಷ್ಟ್ರಗಳ ಮೆರವಣಿಗೆ ಸಾಗಿದ್ದು ಆಟಗಳ ಸಂಗೀತಕ್ಕೆ. ಅದರಲ್ಲಿ ಡ್ರ್ಯಾಗನ್ ಕ್ವೆಸ್ಟಿನ ಪೀಠಿಕಾಸಂಗೀತವೂ ಸೇರಿತ್ತು. ಗೌರವವೇನೋ ಸಂದಿತು. ಆದರೆ ಏಕತಾರಿಯ ಮೇಲೆ ಹಾಡಿದ ತತ್ತ್ವಪದವನ್ನು ಐವತ್ತು ಪಿಟೀಲುಗಳಿಗೆ ಅಳವಡಿಸಿದಾಗ ಆಗುವುದೇ ಇಲ್ಲಿಯೂ ಆಗಿದೆ. ಮಟ್ಟು ಉಳಿಯಿತು, ಮೈ ದುಂಡಗಾಯಿತು, ಮುಖದ ಗುರುತು ಮಸುಕಾಯಿತು. ಎರಡು ಮೂರು ಧ್ವನಿಗಳಿಂದ ಒಂದು ಲೋಕವನ್ನು ಸೂಚಿಸುವಲ್ಲಿ ಧ್ವನಿಶಕ್ತಿಯಿದ್ದಿತು. ಎಪ್ಪತ್ತು ಜನ ಸೇರಿ ಅದನ್ನು ವಾಚ್ಯಗೊಳಿಸಿದರು. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಸಭಾಂಗಣದ ಆವೃತ್ತಿಗೆ ಅಂತ್ಯ ಬೇಕು, ಚಪ್ಪಾಳೆಗೆ ಎಡೆ ಬೇಕು. ಎಂದೂ ಮುಗಿಯದೆ ಕಾಯುತ್ತಿದ್ದ ಸಂಗೀತ ಅಲ್ಲಿ ತನ್ನ ಹೊತ್ತಿಗೆ ಸರಿಯಾಗಿ ಮುಗಿದು ಎದ್ದುಹೋಗುತ್ತದೆ.

ಆಟದಿಂದ ಬೇರ್ಪಡಿಸಿ ಕೇಳಲೇಬಾರದೆಂದು ಇದರ ಅರ್ಥವಲ್ಲ. ಮಾಸ್ಕೋದಲ್ಲಿ ಅಲೆಕ್ಸಿ ಪಾಜಿತ್ನೋವ್ ೧೯೮೪ರಲ್ಲಿ ರೂಪಿಸಿದ ‘ಟೆಟ್ರಿಸ್’ ಆಟ ೧೯೮೯ರಲ್ಲಿ ನಿಂಟೆಂಡೊದ ಗೇಮ್ ಬಾಯ್ ಯಂತ್ರಕ್ಕೆ ಬಂದಾಗ ಅದಕ್ಕೆ ‘ಕೊರೊಬೇಯ್ನಿಕಿ’ ಎಂಬ ರಷ್ಯದ ಜನಪದ ಗೀತೆಯ ಮಟ್ಟನ್ನು ಅಳವಡಿಸಿದರು. ನೆಕ್ರಾಸೊವ್ ಕವಿಯ ೧೮೬೧ರ ಕವಿತೆಯಿಂದ ಹುಟ್ಟಿದ ಆ ಹಾಡು ಹಳ್ಳಿಹಳ್ಳಿ ತಿರುಗುವ ವ್ಯಾಪಾರಿಯೊಬ್ಬನ ಪ್ರಣಯವನ್ನು ಹೇಳುತ್ತದೆ. ಬೀಳುವ ಇಟ್ಟಿಗೆಗಳಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಆದರೂ ಸುತ್ತಿ ಸುತ್ತಿ ಬರುವ ಅದರ ಕುಣಿತದ ನಡೆ ಆಟಕ್ಕೆ ಒಗ್ಗಿತು. ಲೋಕದ ಕೋಟಿ ಕಿವಿಗಳಿಗೆ ಅದೀಗ ಟೆಟ್ರಿಸ್ಸಿನ ಹಾಡು. ಆಡಿ ವರ್ಷಗಳಾದ ಮೇಲೆ ಆ ಮಟ್ಟನ್ನು ಎಲ್ಲೋ ಕೇಳಿದವನಿಗೆ ಮರಳಿ ಬರುವುದು ಆಗಿನ ಗಾಬರಿಯಲ್ಲ. ಗಾಬರಿ ಕಳೆದು ಉಳಿದ ಅದರ ರುಚಿ. ಹೋರಾಟದ ಗಳಿಗೆಯಲ್ಲಿ ಸಿಗದೆಹೋದ ಚರ್ವಣೆ ಈಗ ಸ್ಮೃತಿಯಲ್ಲಿ ಸಿಗುತ್ತದೆ. ಆಡದೆ ಕೇಳಿದವನಿಗೆ ಒಳ್ಳೆಯ ಮಟ್ಟು ದೊರೆಯಬಹುದು. ಈ ರುಚಿ ದೊರೆಯುವುದಿಲ್ಲ.

ಭಾರತದ ಮಟ್ಟಿಗೆ ಹೇಳುವುದಾದರೆ, ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಸಂಸ್ಥೆ ೨೦೨೦ರಲ್ಲಿ ಹೊರತಂದ ‘ರಾಜಿ: ಆನ್ ಏನ್ಷಂಟ್ ಎಪಿಕ್’ ಉಲ್ಲೇಖಾರ್ಹ. ದುರ್ಗೆಯ ಅನುಗ್ರಹ ಪಡೆದ ಹುಡುಗಿಯೊಬ್ಬಳು ತಮ್ಮನನ್ನು ಹುಡುಕಿಕೊಂಡು ಹೋಗುವ ಕಥೆ ಅದರದು. ಸಂಗೀತ ಗ್ರೀಸಿನ ಲಿನೊಸ್ ಜೆಲೊಸ್ ಅವರದು. ಪರದೇಶಿಯೊಬ್ಬರು ಭಾರತೀಯ ವಾದ್ಯಗಳನ್ನು ಆದರದಿಂದ ಬಳಸಿರುವುದು ಸಂತೋಷದ ವಿಷಯವೇ. ಆದರೆ ವಾದ್ಯದ ಬಣ್ಣವನ್ನು ತಂದಷ್ಟರಿಂದ ರಾಗದ ಬೆಳವಣಿಗೆ ಬಂದಂತಾಗಲಿಲ್ಲ. ಆಲಾಪಕ್ಕೆ ಕಾಲಾವಧಿಯ ಕಟ್ಟಿಲ್ಲ. ಒಂದೇ ಸ್ವರದ ಸುತ್ತ ಎಷ್ಟು ಹೊತ್ತಾದರೂ ನಿಲ್ಲಬಹುದು, ಬೇಕಾದಾಗ ಮೇಲೇರಬಹುದು. ಆಡುವವನ ತಡಕ್ಕೂ ಅವಸರಕ್ಕೂ ಹೊಂದಿಕೊಳ್ಳಬೇಕಾದ ಸಂಗೀತಕ್ಕೆ ಇದಕ್ಕಿಂತ ಹೊಂದುವ ಸಾಮಗ್ರಿ ಬೇರೆ ಯಾವುದು? ಖಂಡಗಳನ್ನು ಜೋಡಿಸಲು ಕೊಂಡೊ ಪಟ್ಟ ಪಾಡು, ಧಾರವಾಡದ ಕಡೆಯ ಯಾವ ಗವಾಯಿಗೂ ಹೊಸದೆಂದು ತೋರಲಾರದು.

ಪ್ರಶಸ್ತಿಗಳ ಲೆಕ್ಕ ಹಿಡಿಯುವವರಿಗೆ ಈಗ ಸಾಮಗ್ರಿ ಸಾಕಷ್ಟಿದೆ. ೨೦೦೫ರ ‘ಸಿವಿಲೈಸೇಷನ್ ೪’ ಆಟಕ್ಕೆ ಕ್ರಿಸ್ಟೋಫರ್ ಟಿನ್ ಸ್ವಾಹಿಲಿ ಭಾಷೆಯಲ್ಲಿ ಸ್ವರಸಂಯೋಜಿಸಿದ ಕ್ರೈಸ್ತ ಪ್ರಾರ್ಥನೆ ‘ಬಾಬಾ ಯೆತು’ ೨೦೧೧ರಲ್ಲಿ ಗ್ರ್ಯಾಮಿ ಪಡೆಯಿತು. ೨೦೨೩ರಿಂದ ಆಟದ ಸಂಗೀತಕ್ಕೆಂದೇ ಅಲ್ಲಿ ಪ್ರತ್ಯೇಕ ವಿಭಾಗವಿದೆ. ಸಂಶೋಧಕರ ಆಸಕ್ತಿಗೆ ಹೆಚ್ಚು ತಕ್ಕುದು ಇನ್ನೊಂದು ಸಂಗತಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಶಾಶ್ವತವಾಗಿ ಕಾಪಾಡಬೇಕಾದ ಧ್ವನಿಮುದ್ರಣಗಳ ರಾಷ್ಟ್ರೀಯ ಪಟ್ಟಿಗೆ ೨೦೨೩ರಲ್ಲಿ ಕೊಂಡೊ ಅವರ ಮಾರಿಯೋ ಮಟ್ಟನ್ನು ಸೇರಿಸಿಕೊಂಡಿತು. ಆಟದ ಸಂಗೀತಕ್ಕೆ ಆ ಮನ್ನಣೆ ದೊರೆತುದು ಅದೇ ಮೊದಲು. ೨೦೨೫ರಲ್ಲಿ ‘ಮೈನ್‌ಕ್ರಾಫ್ಟ್’ ಆಟಕ್ಕಾಗಿ ಡೇನಿಯಲ್ ರೋಸನ್‌ಫೆಲ್ಡ್ ರಚಿಸಿದ ಸಂಗೀತದ ೨೦೧೧ರ ಸಂಪುಟವೂ ಸೇರಿತು. ಇಲ್ಲಿ ಹಸ್ತಪ್ರತಿಗಳೊಡನೆ ಒಡನಾಡಿದವರಿಗೆ ಪರಿಚಿತವಾದ ತೊಡಕೊಂದು ಏಳುತ್ತದೆ: ಮೂಲಪಾಠ ಯಾವುದು? ಮೈನ್‌ಕ್ರಾಫ್ಟಿನಲ್ಲಿ ಸಂಗೀತ ಎಡೆಬಿಡದೆ ನುಡಿಯುವುದಿಲ್ಲ. ಹುಡುಗ ಗುದ್ದಲಿ ಹಿಡಿದು ಕಲ್ಲೊಡೆಯುತ್ತಿರುತ್ತಾನೆ. ಬಹಳ ಹೊತ್ತು ಬರಿಯ ಗುದ್ದಲಿಯ ಸದ್ದು. ಯಾವ ಮುನ್ಸೂಚನೆಯೂ ಇಲ್ಲದೆ ಪಿಯಾನೋವಿನ ಕೆಲವು ಸ್ವರಗಳು ಬಂದು, ಸುಳಿದು, ಮರೆಯಾಗುತ್ತವೆ. ಯಾವಾಗ ಬರುವುದೆಂದು ಹೇಳಬಲ್ಲವರಿಲ್ಲ. ಒಬ್ಬನಿಗೆ ಸೂರ್ಯಾಸ್ತದಲ್ಲಿ ಕೇಳಿಸಿದುದು ಇನ್ನೊಬ್ಬನಿಗೆ ಗುಹೆಯ ಕತ್ತಲಲ್ಲಿ ಕೇಳಿಸಿರುತ್ತದೆ. ಒಂದೊಂದು ಆಟವೂ ಒಂದೊಂದು ಪಾಠಾಂತರ. ಗ್ರಂಥಾಲಯ ಕಾಪಾಡಿ ಇಟ್ಟಿರುವ ಸಂಪುಟದಲ್ಲಾದರೋ ಅವೇ ಸ್ವರಗಳು ಒಂದನೆಯದು, ಎರಡನೆಯದು ಎಂಬ ಕ್ರಮದಲ್ಲಿ, ನಡುವಣ ಗುದ್ದಲಿಯ ಸದ್ದಿಲ್ಲದೆ, ಒಂದರ ಹಿಂದೊಂದು ಬರುತ್ತವೆ.